ಒಂದು ಬೀಜ, ಮೂರು ಸಸಿ: ನಿಂಬೆ–ಕಿತ್ತಳೆ ಮಡಿಯಲ್ಲಿ ತಾಯಿಯ ತದ್ರೂಪನ್ನು ಆರಿಸುವ ಬಗೆ

ಕಾಗ್ಜಿ ನಿಂಬೆಯ ಬೀಜ ಊರಿದ ಕಡೆ ಎರಡು–ಮೂರು ಸಸಿ ಒಟ್ಟಿಗೆ ಎದ್ದರೆ, ಕೈತಪ್ಪಿ ಹೆಚ್ಚು ಬೀಜ ಬಿದ್ದಿರಬೇಕು ಅಂದುಕೊಳ್ಳುವವರೇ ಬಹಳ. ಬಿದ್ದದ್ದು ಒಂದೇ ಬೀಜ. ಅದರೊಳಗೆ ಇದ್ದ ಭ್ರೂಣಗಳು ಮೂರು. ಮೂರೂ ತಾಯಿಮರದ ಪಡಿಯಚ್ಚು ಆಗಿರಬಹುದು, ಇಲ್ಲವೇ ಎರಡು ಪಡಿಯಚ್ಚು, ಒಂದು ಮಾತ್ರ ಬೇರೆ ಮರದ ಪರಾಗ ಬೆರೆತ ಮಗು ಆಗಿರಬಹುದು. ವಿಜಯಪುರ ಜಿಲ್ಲೆಯ ಇಂಡಿ ಸೀಮೆಯಲ್ಲಿ ಲಿಂಬೆಯನ್ನು ಕಸಿ ಮಾಡದೆ ಬೀಜದ ಸಸಿಯಿಂದಲೇ ಬೆಳೆಸಿಯೂ ತೋಟ ಹೆಚ್ಚುಕಡಿಮೆ ಒಂದೇ ತೆರನಾಗಿ ಬರುವುದು ಈ ಪಡಿಯಚ್ಚುಗಳಿಂದ. ಮಾವಿನ ಓಟೆಯನ್ನೋ ಸೀಬೆ ಬೀಜವನ್ನೋ ನಂಬಿ ಹೀಗೆ ತೋಟ ಕಟ್ಟಿದರೆ ಕೈಸುಟ್ಟುಕೊಳ್ಳಬೇಕಾಗುತ್ತದೆ. ಕರಾವಳಿಯ ಬಪ್ಪಕಾಯಿಯಂಥ ಕೆಲವು ಮಾವಿಗೆ ಮಾತ್ರ ನಿಂಬೆಯ ಈ ಗುಣ ಇದೆ.

ಆದರೆ ಒಂದು ಬೀಜದಿಂದ ಎಷ್ಟು ಸಸಿ ಎದ್ದವು ಎಂಬ ಲೆಕ್ಕದಿಂದ ಯಾವುದು ತದ್ರೂಪು ಎಂದು ಹೇಳಲು ಬರುವುದಿಲ್ಲ. ಒಂಟಿಯಾಗಿ ಎದ್ದ ಸಸಿಯೂ ಶುದ್ಧ ತದ್ರೂಪು ಆಗಿರಬಹುದು, ಜೋಡಿಯಲ್ಲಿ ಒಂದು ಮಿಶ್ರತಳಿ ಆಗಿರಬಹುದು. ತೀರ್ಮಾನ ಆಗಬೇಕಾದದ್ದು ಇಡೀ ಮಡಿಯನ್ನು ಒಟ್ಟಿಗೆ ನೋಡಿ. ಅದಕ್ಕಾಗಿಯೇ ಒಂದು ಮಡಿಗೆ ಒಂದೇ ತಾಯಿಮರದ ಬೀಜ ಹಾಕಬೇಕು ಎನ್ನುವುದು.

ಬೀಜದೊಳಗೆ ನಡೆಯುವುದು

ಹೂವಿನ ಅಂಡಾಶಯದಲ್ಲಿ ಬೀಜಾಂಡಗಳಿರುತ್ತವೆ. ಒಂದೊಂದು ಬೀಜಾಂಡದ ನಡುವೆ ಭ್ರೂಣಚೀಲ, ಅದರ ಸುತ್ತ ನ್ಯೂಸೆಲಸ್ ಎಂಬ ಮೆತ್ತನೆಯ ಅಂಗಾಂಶ. ಪರಾಗದ ಕಣ ಬಂದು ಭ್ರೂಣಚೀಲದೊಳಗಿನ ಅಂಡವನ್ನು ಕೂಡಿದಾಗ ಹುಟ್ಟುವುದು ತಂದೆ–ತಾಯಿ ಇಬ್ಬರ ಗುಣವೂ ಇರುವ ಭ್ರೂಣ. ನ್ಯೂಸೆಲಸ್ ಮಾತ್ರ ಪೂರ್ತಿಯಾಗಿ ತಾಯಿಯದೇ. ನಿಂಬೆ ಜಾತಿಯ ಹಲವು ಗಿಡಗಳಲ್ಲಿ ನ್ಯೂಸೆಲಸ್ಸಿನ ಕೆಲವು ಜೀವಕೋಶಗಳು ಹೂ ಅರಳುವ ಮೊದಲೇ ಸುತ್ತಲಿನವುಗಳಿಗಿಂತ ದಪ್ಪಗಾಗಿ ಬೇರೆಯಾಗಿ ನಿಲ್ಲುತ್ತವೆ. ಆಮೇಲೆ ಅವು ಒಡೆದು ಒಡೆದು ಭ್ರೂಣಚೀಲದೊಳಕ್ಕೆ ನುಗ್ಗಿ ತಾವೂ ಭ್ರೂಣವಾಗುತ್ತವೆ. ಇವಕ್ಕೆ ತಂದೆ ಇಲ್ಲ. ಹಾಗಂತ ಪರಾಗ ಬೇಡವೇ ಬೇಡ ಎಂದಲ್ಲ. ಭ್ರೂಣಗಳು ಉಣ್ಣುವ ಎಂಡೋಸ್ಪರ್ಮ್ ಆಗುವುದು ಸಾಮಾನ್ಯವಾಗಿ ಪರಾಗಸ್ಪರ್ಶದ ನಂತರವೇ. ಆ ಊಟ ಸಿಗದಿದ್ದರೆ ನ್ಯೂಸೆಲಸ್ಸಿನ ಭ್ರೂಣಗಳೂ ಬಲಿಯುವುದಿಲ್ಲ.

ಕಿತ್ತಳೆಯ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣ ಇರುವುದನ್ನು ಸೂಕ್ಷ್ಮದರ್ಶಕಕ್ಕೆ ಹೆಸರಾದ ಡಚ್ ವಿಜ್ಞಾನಿ ಲೇವನ್‌ಹುಕ್ 1719ರಲ್ಲೇ ಗುರುತಿಸಿದ್ದ. ಹೆಚ್ಚಿನವು ನ್ಯೂಸೆಲಸ್ಸಿನಿಂದ ಬರುತ್ತವೆ ಎಂದು ತೋರಿಸಿದವನು ಸಸ್ಯವಿಜ್ಞಾನಿ ಸ್ಟ್ರಾಸ್‌ಬರ್ಗರ್, 1878ರಲ್ಲಿ. ಇದರ ಹಿಂದಿನ ಜೀನ್ ಗುರುತಾಗಲು 2017 ಆಗಬೇಕಾಯಿತು. ಚೀನಾದ ವಿಜ್ಞಾನಿಗಳು ಸಿಟ್ಆರ್‌ಡಬ್ಲ್ಯೂಪಿ ಎಂದು ಕರೆದ ಆ ಜೀನಿನ ಮುಂಭಾಗದಲ್ಲಿ ಎಲ್ಲಿಂದಲೋ ಜಿಗಿದು ಬಂದ ಡಿಎನ್ಎ ತುಣುಕೊಂದು ಕೂತಿದೆ. ಬಹುಭ್ರೂಣದ ತಳಿಗಳಲ್ಲಿ ಅದು ಇರುತ್ತದೆ, ಒಂಟಿಭ್ರೂಣದವುಗಳಲ್ಲಿ ಇರುವುದಿಲ್ಲ.

ಒಂದೇ ಬೀಜದ ಇಕ್ಕಟ್ಟಿನಲ್ಲಿ ಐದಾರು ಭ್ರೂಣ ಬೆಳೆಯುವಾಗ ಪರಾಗದಿಂದ ಹುಟ್ಟಿದ ಭ್ರೂಣ ಹಲವು ಸಲ ಹಿಂದೆ ಬೀಳುತ್ತದೆ. ಕೆಲವೊಮ್ಮೆ ಪೂರ್ತಿ ಸೊರಗಿ ಇಲ್ಲವಾಗುತ್ತದೆ, ಕೆಲವೊಮ್ಮೆ ಬದುಕಿಕೊಂಡು ಮಡಿಯಲ್ಲಿ ತಲೆ ಎತ್ತುತ್ತದೆ. ನಾವು ಹುಡುಕಿ ಕೀಳಬೇಕಾದದ್ದು ಹೀಗೆ ಬದುಕಿ ಬಂದದ್ದನ್ನು.

ಯಾವುದರಲ್ಲಿ ಉಂಟು, ಯಾವುದರಲ್ಲಿ ಇಲ್ಲ

ಕಾಗ್ಜಿ ನಿಂಬೆ, ಮೋಸಂಬಿ, ಕೊಡಗಿನ ಕಿತ್ತಳೆ ಸೇರಿದಂತೆ ಹೆಚ್ಚಿನ ಸಿಪ್ಪೆ ಬಿಡಿಸುವ ಕಿತ್ತಳೆಗಳು, ಕಿನ್ನೋ, ಗ್ರೇಪ್‌ಫ್ರೂಟ್, ಕಸಿಗೆ ಬುಡವಾಗಿ, ಅಂದರೆ ಬೇರುಸಸಿಯಾಗಿ ಬಳಸುವ ರಂಗಪುರ ನಿಂಬೆ, ಜಂಬೇರಿ, ಕ್ಲಿಯೋಪಾತ್ರ ಮ್ಯಾಂಡರಿನ್, ಮೂರೆಲೆ ಕಿತ್ತಳೆ, ಟ್ರಾಯರ್ ಮತ್ತು ಕ್ಯಾರಿಜೊ ಸಿಟ್ರೇಂಜ್, ಇವೆಲ್ಲ ಬಹುಭ್ರೂಣದವು. ಚಕ್ಕೋತ, ಮಾದಲ, ಕ್ಲೆಮೆಂಟೈನ್ ಇವು ಒಂಟಿಭ್ರೂಣದವು. ದೇವನಹಳ್ಳಿ ಚಕ್ಕೋತದ ಬೀಜ ಎಷ್ಟು ಊರಿದರೂ ಪ್ರತಿ ಸಸಿಯೂ ಬೇರೆಯೇ, ಸಿಹಿ ಮರದ ಮಗಳು ಹುಳಿಯೂ ಆದೀತು, ಒಗರೂ ಆದೀತು. ಅದಕ್ಕೆ ಗೂಟಿ (ಮರದಲ್ಲೇ ರೆಂಬೆಗೆ ಬೇರು ಬರಿಸುವುದು) ಅಥವಾ ಕಸಿಯೇ ದಾರಿ, ಬೀಜದ ಮಡಿ ಮಾಡಿ ವರ್ಷ ಕಳೆಯಬೇಡಿ. ಅಂಗಡಿಯ ಬೀಜರಹಿತ ನಿಂಬೆಗೆ ಈ ಲೇಖನದ ಗೊಡವೆಯೇ ಇಲ್ಲ.

ಮೊದಲು ಬೀಜ ಬಿಡಿಸಿ ನೋಡಿ

ನರ್ಸರಿಯವರು ಬಿಟ್ಟುಬಿಡುವ ಹೆಜ್ಜೆ ಇದು. ಅರ್ಧ ಗಂಟೆಯ ಕೆಲಸ. ತಾಯಿಮರದ ಐದು ಹಣ್ಣಿನಿಂದ ನಾಲ್ಕು ನಾಲ್ಕು, ಒಟ್ಟು 20 ಬೀಜ ತೆಗೆದು ರಾತ್ರಿ ನೀರಲ್ಲಿ ನೆನೆಸಿಡಿ. ಬೆಳಿಗ್ಗೆ ಚೂಪು ತುದಿಯ ಕಡೆಯಿಂದ ಉಗುರು ಹಾಕಿ ಹೊರಗಿನ ಕೆನೆಬಣ್ಣದ ಗಟ್ಟಿ ಸಿಪ್ಪೆ ಸುಲಿಯಿರಿ. ಒಳಗೆ ಕಂದು ಬಣ್ಣದ ತೆಳುವಾದ ಪೊರೆ ಇದೆ. ಅದರ ದಪ್ಪ ತುದಿಯಲ್ಲಿ ಟೋಪಿ ಇಟ್ಟ ಹಾಗೆ ಗಾಢ ಬಣ್ಣದ ಒಂದು ಮಚ್ಚೆ. ಪೊರೆಯನ್ನೂ ಬಿಡಿಸಿ, ಉಳಿದ ತಿರುಳನ್ನು ಹೆಬ್ಬೆರಳು–ತೋರುಬೆರಳ ನಡುವೆ ಮೆಲ್ಲಗೆ ಹೊಸೆಯಿರಿ.

ಚಕ್ಕೋತದ್ದಾದರೆ ಶೇಂಗಾ ಬೀಜ ಒಡೆದ ಹಾಗೆ ಎರಡು ಬೇಳೆಯಾಗಿ ಬಿಚ್ಚಿಕೊಳ್ಳುತ್ತದೆ. ಕಿತ್ತಳೆಯದ್ದು ಹಾಗಲ್ಲ. ಪಿಸ್ತಾದಂಥ ಹಸಿರು ತುಣುಕುಗಳು ಒಂದರ ಮೈಗೆ ಒಂದು ಅಂಟಿಕೊಂಡು, ಅಡ್ಡಾದಿಡ್ಡಿ ತುಂಬಿದ ಹಾಗೆ ಕೂತಿರುತ್ತವೆ. ಒಂದು ದೊಡ್ಡದು, ಎರಡು ನಡುಗಾತ್ರದ್ದು, ಸಂದಿಯಲ್ಲಿ ರಾಗಿ ಕಾಳಿನಷ್ಟು ಒಂದೆರಡು. ಮೋಸಂಬಿ, ಕಾಗ್ಜಿ ನಿಂಬೆಯಲ್ಲಿ ತುಣುಕುಗಳು ಬಿಳಿ ಅಥವಾ ಕೆನೆಬಣ್ಣ.

ಎಣಿಸುವಾಗ ತಪ್ಪು ಆಗುವುದು ಇಲ್ಲೇ. ಒಂದೇ ಭ್ರೂಣದ ಎರಡು ಬೇಳೆಗಳು ಸಮ ಇರಬೇಕೆಂದಿಲ್ಲ, ಒಂದು ದೊಡ್ಡದು ಒಂದು ಚಿಕ್ಕದು ಇರುತ್ತದೆ. ಹಾಗಾಗಿ ತುಣುಕು ಎಣಿಸಿದರೆ ಲೆಕ್ಕ ದುಪ್ಪಟ್ಟಾಗುತ್ತದೆ. ಎಣಿಸಬೇಕಾದದ್ದು ಬೇರಿನ ಮೊನೆಗಳನ್ನು. ಒಂದು ಭ್ರೂಣಕ್ಕೆ ಒಂದೇ ಮೊನೆ, ಎಲ್ಲ ಮೊನೆಗಳೂ ಬೀಜದ ಚೂಪು ತುದಿಯ ಕಡೆಗೇ ಮುಖ ಮಾಡಿರುತ್ತವೆ. ಒಂದು ಭೂತಗನ್ನಡಿ ಇದ್ದರೆ ಸಾಕು.

20ರಲ್ಲಿ 15ಕ್ಕಿಂತ ಹೆಚ್ಚು ಬೀಜಗಳಲ್ಲಿ ಎರಡು ಅಥವಾ ಹೆಚ್ಚು ಮೊನೆ ಕಂಡರೆ ಆ ಮರ ಬೀಜಕ್ಕೆ ಯೋಗ್ಯ. ಅರ್ಧಕ್ಕರ್ಧ ಬೀಜ ಒಂಟಿಭ್ರೂಣದವಾಗಿದ್ದರೆ ಮುಂದೆ ಮಡಿಯಲ್ಲಿ ಕೀಳುವ ಕೆಲಸ ಹೆಚ್ಚು, ಬೇರೆ ಮರ ನೋಡುವುದು ಲೇಸು.

ತಾಯಿಮರ ಮತ್ತು ಬೀಜ

ತಾಯಿಮರ ಕನಿಷ್ಠ ಏಳೆಂಟು ವರ್ಷದ್ದಾಗಿರಲಿ, ಸತತ ಮೂರ್ನಾಲ್ಕು ವರ್ಷ ಚೆನ್ನಾಗಿ ಕಾಯಿ ಬಿಟ್ಟಿರಲಿ. ಸುತ್ತ ಚಕ್ಕೋತ, ಮಾದಲ, ಬೇರೆ ಬಗೆಯ ಕಿತ್ತಳೆ ಬೆರಕೆಯಾಗಿದ್ದರೆ ಪರಾಗದ ಮಕ್ಕಳು ಎದ್ದಾಗ ಅವು ತಾಯಿಗಿಂತ ಬಹಳ ಬೇರೆಯಾಗಿ ಕಾಣುತ್ತವೆ. ಒಂದರ್ಥದಲ್ಲಿ ಇದೂ ಒಳ್ಳೆಯದೇ, ಕೀಳುವುದು ಸುಲಭ. ಅದೇ ಜಾತಿಯ ಮರಗಳೇ ಸುತ್ತ ಇದ್ದರೆ ಮಿಶ್ರಸಸಿ ತಾಯಿಯ ಹಾಗೇ ಕಾಣುತ್ತದೆ, ಗುರುತಿಸುವುದು ಕಷ್ಟ.

ಪೂರ್ತಿ ಮಾಗಿದ ಹಣ್ಣನ್ನು ಮರದಿಂದಲೇ ಕೀಳಿ. ನೆಲಕ್ಕೆ ಬಿದ್ದ ಹಣ್ಣು ಬೇಡ, ಬುಡಕೊಳೆ ತರುವ ಫೈಟಾಫ್ತೊರ ಎಂಬ ರೋಗಾಣು ಮಣ್ಣಿನಿಂದ ಅದಕ್ಕೆ ತಾಗಿರುತ್ತದೆ. ಚಾಕುವಿನಲ್ಲಿ ಹಣ್ಣನ್ನು ಎರಡು ಹೋಳು ಮಾಡಿದರೆ ಬೀಜವೂ ಕತ್ತರಿಸಿಹೋಗುತ್ತದೆ. ನಡುಭಾಗದಲ್ಲಿ ಸುತ್ತಲೂ ಅರ್ಧ ಸೆಂಟಿಮೀಟರ್ ಆಳಕ್ಕೆ ಗೀರಿ, ಎರಡೂ ಕೈಯಲ್ಲಿ ತಿರುಚಿ ಬಿಡಿಸಿ. ಬೀಜದ ಮೇಲಿನ ಲೋಳೆ ಹೋಗುವ ತನಕ ಬೂದಿ ಅಥವಾ ಸಣ್ಣ ಮರಳಲ್ಲಿ ಉಜ್ಜಿ ತೊಳೆಯಿರಿ. ತೇಲುವ ಬೀಜ ಚೆಲ್ಲಿ.

ಆಮೇಲೆ ಬಿಸಿನೀರು. 52 ಡಿಗ್ರಿ ಸೆಲ್ಸಿಯಸ್, 10 ನಿಮಿಷ. ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿದ ಬೀಜ, ದೊಡ್ಡ ಪಾತ್ರೆಯ ತುಂಬ ನೀರು, ಕೈಯಲ್ಲಿ ಥರ್ಮಾಮೀಟರ್. ಬೆರಳು ಅದ್ದಿ ಅಂದಾಜು ಮಾಡುವ ಕೆಲಸ ಇದಲ್ಲ. 48ಕ್ಕೆ ಇಳಿದರೆ ರೋಗಾಣು ಉಳಿಯುತ್ತದೆ, ನಾಲ್ಕೈದು ಡಿಗ್ರಿ ಏರಿದರೆ ಭ್ರೂಣ ಬೇಯುತ್ತದೆ. ಒಂದು ಲೀಟರ್ ನೀರಿಗೆ ಅರ್ಧ ಕೆಜಿ ಬೀಜ ಹಾಕಿದರೆ ಬೀಜವೇ ನೀರನ್ನು ತಣಿಸಿಬಿಡುತ್ತದೆ. ಬೀಜದ ತೂಕದ ಹತ್ತು ಪಟ್ಟಾದರೂ ನೀರು ಇರಲಿ. ಹತ್ತು ನಿಮಿಷ ಆದ ಕೂಡಲೇ ತಣ್ಣೀರಿಗೆ ಹಾಕಿ, ನೆರಳಲ್ಲಿ ಹರಡಿ ಮೇಲ್ಮೈ ಒಣಗುವಷ್ಟು ಮಾತ್ರ ಆರಿಸಿ.

ರಾಗಿ, ಜೋಳದ ಹಾಗೆ ಗರಿಗರಿ ಒಣಗಿಸಿ ಡಬ್ಬಿಯಲ್ಲಿ ತುಂಬಿಡುವ ಬೀಜ ಅಲ್ಲ ಇದು. ಒಣಗಿದರೆ ಸತ್ತಿತು. ಅಂದೇ ಬಿತ್ತುವುದು ಉತ್ತಮ. ಇಡಲೇಬೇಕಾದರೆ ಕೆಜಿಗೆ 2–3 ಗ್ರಾಂ ಕ್ಯಾಪ್ಟಾನ್ ಎಂಬ ಶಿಲೀಂಧ್ರನಾಶಕದ ಪುಡಿ ಸವರಿ, ಪಾಲಿಥೀನ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ 4–5 ಡಿಗ್ರಿಯಲ್ಲಿಡಿ. ಫ್ರೀಜರಿನಲ್ಲಿ ಅಲ್ಲ.

ಎಷ್ಟು ಬೀಜ ಬೇಕು? ಒಂದೆಕರೆ ಕಾಗ್ಜಿ ನಿಂಬೆಯ ಲೆಕ್ಕ ನೋಡಿ. 6 ಮೀಟರ್ ಅಂತರಕ್ಕೆ ಎಕರೆಗೆ ಸುಮಾರು 110 ಗಿಡ, ಸತ್ತ ಕಡೆ ಮರುನಾಟಿಗೆ 10, ಒಟ್ಟು 120. ಮಡಿಯಲ್ಲಿ ನಾಲ್ಕರಲ್ಲಿ ಒಂದನ್ನು ಕೀಳಬೇಕೆಂದು ಹಿಡಿದರೆ 160 ಸಸಿ. ಹತ್ತರಲ್ಲಿ ಏಳು ಬೀಜ ಮೊಳೆತರೆ 230 ಬೀಜ. ಹಣ್ಣಿಗೆ ಎಂಟು ಒಳ್ಳೆ ಬೀಜ ಸಿಕ್ಕರೂ 30 ಹಣ್ಣು ಸಾಕು. ಬೀಜ ಇಷ್ಟು ಅಗ್ಗ ಇರುವಾಗ ಸಸಿ ಕೀಳಲು ಕೈ ಹಿಂದೆ ಬರಬಾರದು.

ಬಿತ್ತನೆ

ಏರುಮಡಿ 1 ಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರ. ಸಾಲಿನ ನಡುವೆ 10 ಸೆಂಟಿಮೀಟರ್, ಬೀಜದ ನಡುವೆ 3. ಆಳ ಒಂದೂವರೆಯಿಂದ ಎರಡು ಸೆಂಟಿಮೀಟರ್. ಬೀಜದ ನಡುವೆ 3 ಸೆಂಟಿಮೀಟರ್ ಬಿಡುವುದು ಬೆಳವಣಿಗೆಗೆ ಮಾತ್ರ ಅಲ್ಲ, ಯಾವ ಸಸಿ ಯಾವ ಬೀಜದ್ದು ಎಂದು ಕಾಣಬೇಕು. ಚೆಲ್ಲಿ ಬಿತ್ತಿದರೆ ಆ ಸುಳಿವು ಹೋಯಿತು.

ಟ್ರೇಯಲ್ಲಿ ಕೋಕೋಪಿಟ್ ಹಾಕಿ ಬಿತ್ತುವವರು ಒಂದು ಗುಂಡಿಗೆ ಒಂದೇ ಬೀಜ, ಚೂಪು ತುದಿ ಕೆಳಗೆ ಮಾಡಿ ಇಡಿ. ಬೇರು ಹೊರಡುವುದು ಆ ತುದಿಯಿಂದ. ತಲೆಕೆಳಗಾಗಿ ಇಟ್ಟರೆ ಬೇರು ಮೇಲಕ್ಕೆ ಹೊರಟು ಮತ್ತೆ ಕೆಳಗೆ ಬಾಗುತ್ತದೆ, ಸಸಿಯ ಬುಡ ಕೊಕ್ಕರೆಯ ಕೊರಳಿನಂತೆ ಡೊಂಕಾಗುತ್ತದೆ. ಅಂಥದ್ದು ಮೇಲೆ ಎಷ್ಟು ಚೆನ್ನಾಗಿ ಕಂಡರೂ ತೋಟದಲ್ಲಿ ನೆಟ್ಟಗೆ ನಿಲ್ಲುವುದಿಲ್ಲ.

25ರಿಂದ 30 ಡಿಗ್ರಿ ಬಿಸುಪಿನಲ್ಲಿ ಎರಡರಿಂದ ನಾಲ್ಕು ವಾರಕ್ಕೆ ಮೊಳಕೆ. ಕೊಡಗಿನ ಡಿಸೆಂಬರ್ ಚಳಿಯಲ್ಲಿ ಬಿತ್ತಿದರೆ ಇನ್ನೂ ತಡ. ಅವಸರವಿದ್ದರೆ ಹೊರಸಿಪ್ಪೆ, ಪೊರೆ ಎರಡನ್ನೂ ಸುಲಿದು ಒದ್ದೆ ಟಿಶ್ಯೂ ಕಾಗದದಲ್ಲಿ ಮಡಚಿ ಮುಚ್ಚಿದ ಡಬ್ಬಿಯಲ್ಲಿಡಿ, ವಾರದೊಳಗೆ ಬೇರು ಇಣುಕುತ್ತದೆ. ಸುಲಿದ ಬೀಜದಲ್ಲಿ ಭ್ರೂಣಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ ಊರುವ ಆಸೆಯೂ ಆಗುತ್ತದೆ. ದೊಡ್ಡವು ಬದುಕುತ್ತವೆ, ರಾಗಿ ಕಾಳಿನ ಗಾತ್ರದವಕ್ಕೆ ಸ್ವಂತ ಬೇಳೆಯಲ್ಲಿ ಅಷ್ಟು ಊಟ ಇರುವುದಿಲ್ಲ, ಪ್ರಯೋಗಾಲಯದ ಬಾಟಲಿ ಇಲ್ಲದೆ ಅವು ಉಳಿಯುವುದು ಅಪರೂಪ.

ನೀರು ಹೆಚ್ಚಾದರೆ ಸಸಿ ಬುಡದಲ್ಲಿ ನೀರುನೀರಾಗಿ ಕಪ್ಪಾಗಿ ಮಗುಚಿ ಬೀಳುತ್ತದೆ. ಬೆಳಿಗ್ಗೆ ಒಂದು ಸಲ ನೀರು, ಮೇಲ್ಮಣ್ಣು ಸ್ವಲ್ಪ ಆರಿದ ಮೇಲೆ ಮತ್ತೆ. ಅರ್ಧ ನೆರಳಿನ ಶೇಡ್ ನೆಟ್ ಸಾಕು.

ಬೇರ್ಪಡಿಸುವುದು

ನಾಲ್ಕು ಎಲೆ ಬಂದಾಗ, ಸಸಿ 8–10 ಸೆಂಟಿಮೀಟರ್ ಇರುವಾಗ ಮಾಡಿ. ತಡವಾದರೆ ಬೇರು ಜಡೆ ಹೆಣೆದುಕೊಳ್ಳುತ್ತದೆ. ಹಿಂದಿನ ಸಂಜೆ ಮಡಿ ನೆನೆಸಿ, ಕೈಗುದ್ದಲಿಯಲ್ಲಿ ಗುಂಪನ್ನು ಮಣ್ಣಿನ ಸಮೇತ ಎತ್ತಿ ಬಕೆಟ್ ನೀರಿನಲ್ಲಿ ಅಲ್ಲಾಡಿಸಿ. ಮಣ್ಣು ಕಳಚಿದ ಮೇಲೆ ಬೇರುಗಳು ತಾವಾಗಿ ಸಡಿಲಾಗುತ್ತವೆ. ಕಾಂಡ ಹಿಡಿದು ಎಳೆಯಬೇಡಿ, ಬುಡದಲ್ಲಿ ಸಿಪ್ಪೆ ಜಜ್ಜಿದರೆ ಕೊಳೆ ಅಲ್ಲಿಂದಲೇ ಶುರು. ತಾಯಿಬೇರು 10 ಸೆಂಟಿಮೀಟರಿಗಿಂತ ಉದ್ದ ಇದ್ದರೆ ತುದಿ ಕತ್ತರಿಸಿ, ಮಡಚಿ ಚೀಲಕ್ಕೆ ತುರುಕುವುದಕ್ಕಿಂತ ಅದು ವಾಸಿ.

ಆಗಲೇ ಮೊದಲ ಜರಡಿ. ಬೇರು ಡೊಂಕಾದದ್ದು, ಎಲೆ ಬಿಳಿಚಿದ್ದು, ಗುಂಪಿನಲ್ಲಿ ತೀರಾ ಕುಳ್ಳಾದದ್ದು ಎಲ್ಲ ಹೊರಗೆ. ಕುಳ್ಳ ಸಸಿ ಮಿಶ್ರವೇ ಆಗಿರಬೇಕೆಂದಿಲ್ಲ, ಇಕ್ಕಟ್ಟಿನಲ್ಲಿ ಸೊರಗಿದ ತದ್ರೂಪೂ ಆಗಿರಬಹುದು. ಯಾವುದಾದರೂ ಸರಿ, ಸೊರಗಿದ ಸಸಿ ನಮಗೆ ಬೇಡ.

ಉಳಿದವನ್ನು ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ ತುಂಬಿದ ಚೀಲಕ್ಕೆ ಒಂದೊಂದಾಗಿ ನೆಡಿ. ಸುಣ್ಣದಂಶದ ಮಣ್ಣಿನ ಊರುಗಳಲ್ಲಿ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ತಳಿಯ ಗುಣ ಅಲ್ಲ, ಕಬ್ಬಿಣದ ಕೊರತೆ. ಇದನ್ನು ನೋಡಿ ಬೇರೆ ಜಾತಿ ಎಂದು ಕಿತ್ತುಬಿಡಬೇಡಿ.

ಎರಡನೆಯ ಜರಡಿ: ಬೆರಕೆ ಕೀಳುವುದು

ಸಸಿ 25–30 ಸೆಂಟಿಮೀಟರ್ ಆದಾಗ ಚೀಲಗಳನ್ನು ಎತ್ತರದ ಕ್ರಮದಲ್ಲಿ ಸಾಲಾಗಿ ಜೋಡಿಸಿ. ಇದನ್ನು ಬಿಸಿಲು ಏರುವ ಮೊದಲು, ಬೆಳಗಿನ ಬೆಳಕಿನಲ್ಲಿ ಮಾಡಿದರೆ ಎಲೆಯ ಬಣ್ಣದ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ತದ್ರೂಪುಗಳು ಒಂದರ ಪಕ್ಕ ಒಂದು ಇಟ್ಟರೆ ಗುಂಪಾಗಿ ಒಂದೇ ಮುಖ ಹೊತ್ತಿರುತ್ತವೆ. ಆ ಮುಖ ಕಣ್ಣಿಗೆ ಕೂತ ಮೇಲೆ ಬೇರೆಯದು ತಾನಾಗಿ ಎದ್ದು ಕಾಣುತ್ತದೆ. ಏನು ನೋಡಬೇಕು?

ಎಲೆತೊಟ್ಟಿನ ರೆಕ್ಕೆ. ಚಕ್ಕೋತದ ತೊಟ್ಟಿಗೆ ಅಗಲ ರೆಕ್ಕೆ, ರಂಗಪುರ ನಿಂಬೆ, ಜಂಬೇರಿಗೆ ಕಿರಿದು. ಕಿರಿದಾದವುಗಳ ನಡುವೆ ಅಗಲ ರೆಕ್ಕೆಯ ಸಸಿ ನಿಂತಿದ್ದರೆ ಅದರ ತಂದೆ ಬೇರೆ.

ಚಿಗುರಿನ ಬಣ್ಣ. ರಂಗಪುರ ನಿಂಬೆ, ಜಂಬೇರಿಯ ಎಳೆ ಚಿಗುರಿನಲ್ಲಿ ನೇರಳೆ ಛಾಯೆ ಇರುತ್ತದೆ. ಎಲ್ಲವೂ ಚಿಗುರೊಡೆದಾಗ ಒಂದರದ್ದು ಮಾತ್ರ ಬರೀ ಹಸಿರಾದರೆ ಅದಕ್ಕೆ ಗುರುತು ಹಾಕಿ.

ವಾಸನೆ. ಬಲಿತ ಒಂದು ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿ. ತಾಯಿಮರದ ಎಲೆಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ. ಐದಾರು ಮೂಸಿದ ಮೇಲೆ ಮೂಗು ಸೋಲುತ್ತದೆ, ನಡುವೆ ಬಿಡುವು ಕೊಡಿ.

ಮತ್ತೆ ಎಲೆಯ ಆಕಾರ, ಅಂಚಿನ ಹಲ್ಲು, ಗೆಣ್ಣಿನ ಅಂತರ, ಮುಳ್ಳಿನ ಉದ್ದ. ಒಂದೇ ಲಕ್ಷಣದಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೆ ಬಿಡಿ, ಎರಡು ಲಕ್ಷಣ ಬೇರೆಯಾದರೆ ಕೀಳಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಎಲ್ಲಕ್ಕಿಂತ ಎತ್ತರ ಬೆಳೆದ ಸಸಿಯನ್ನು ಮುದ್ದು ಮಾಡಿ ಉಳಿಸಿಕೊಳ್ಳುವುದು. ಮಿಶ್ರಸಸಿ ಯಾವಾಗಲೂ ಬಡಕಲಾಗಿರುತ್ತದೆ ಎಂಬುದು ಅರ್ಧ ಸತ್ಯ. ಕೆಲವು ಮಿಶ್ರಸಸಿಗಳು ತದ್ರೂಪುಗಳನ್ನು ಮೀರಿಸಿ ಬೆಳೆಯುತ್ತವೆ. ಹಾಗಾಗಿ ಸಾಲಿನ ಕುಳ್ಳ ತುದಿಯ ಜತೆಗೆ ಎತ್ತರದ ತುದಿಯನ್ನೂ ಅನುಮಾನದಿಂದ ನೋಡಿ, ನಡುವಿನ ದೊಡ್ಡ ಗುಂಪನ್ನು ಉಳಿಸಿಕೊಳ್ಳಿ. ಬೇರುಸಸಿಗಾಗಿ ಬೆಳೆಸುವಾಗ ಇದು ಇನ್ನೂ ಮುಖ್ಯ. ಒಂದೇ ತೆರನಾದ ಬೇರು ಇಲ್ಲದಿದ್ದರೆ ಒಂದೇ ಕಸಿಕಣ್ಣು ಕೂರಿಸಿದ ತೋಟದಲ್ಲೂ ಮರಗಳು ಎತ್ತರ ತಗ್ಗಾಗುತ್ತವೆ, ಕಾರಣ ನೆಲದಡಿ ಇರುವುದರಿಂದ ಯಾರಿಗೂ ಹೊಳೆಯುವುದಿಲ್ಲ.

ಕಣ್ಣಿನ ಅಂದಾಜು ಬೇಡ, ಪಕ್ಕಾ ಗೊತ್ತಾಗಬೇಕು ಎನ್ನುವವರಿಗೆ ಒಂದು ಹಳೆಯ ಜಾಣತನ ಇದೆ. ಮೂರೆಲೆ ಕಿತ್ತಳೆಯ ಎಲೆ ಮೂರು ಕಿರುಎಲೆಗಳಾಗಿ ಸೀಳಿರುತ್ತದೆ, ಈ ಗುಣ ಪ್ರಬಲವಾದದ್ದು. ತಾಯಿಮರದ ಹೂವು ಅರಳುವ ಮುಂಚೆ ಮೊಗ್ಗಿನ ಕೇಸರಗಳನ್ನು ಚಿಮಟದಿಂದ ತೆಗೆದು, ಮೂರೆಲೆ ಕಿತ್ತಳೆಯ ಪರಾಗ ಸವರಿ, ಕಾಗದದ ಚೀಲ ಕಟ್ಟಿ. ಆ ಹಣ್ಣಿನ ಬೀಜದಿಂದ ಎದ್ದ ಸಸಿಗಳಲ್ಲಿ ಮೂರೆಲೆಯವು ಮಿಶ್ರ, ಒಂಟಿ ಎಲೆಯವು ತದ್ರೂಪು. ನೂರು ಸಸಿ ಎಣಿಸಿದರೆ ಆ ಮರದ ತದ್ರೂಪಿನ ಪ್ರಮಾಣ ಕೈಗೆ ಸಿಕ್ಕಂತೆ. ಸಂಶೋಧನಾ ಕೇಂದ್ರಗಳಲ್ಲಿ ಈಗ ಡಿಎನ್ಎ ಮಾರ್ಕರ್ ಬಳಸುತ್ತಾರೆ, ಆದರೆ ಈ ಎಲೆ ಲೆಕ್ಕಕ್ಕೆ ಯಂತ್ರ ಬೇಕಿಲ್ಲ.

ತದ್ರೂಪು ಎಂದ ಮಾತ್ರಕ್ಕೆ

ನ್ಯೂಸೆಲಸ್ಸಿನ ಸಸಿಗೆ ತಾಯಿಯ ಜೀನುಗಳಿವೆ, ತಾಯಿಯ ವಯಸ್ಸಿಲ್ಲ. ಅದು ಮತ್ತೆ ಎಳೆಗೂಸಾಗಿ ಶುರು ಮಾಡುತ್ತದೆ. ಉದ್ದ ಮುಳ್ಳು, ನೆಟ್ಟಗೆ ಏರುವ ಬೆಳವಣಿಗೆ, ತಡವಾಗಿ ಕಾಯಿ. ಕಸಿ ಕಿತ್ತಳೆ ಮೂರು–ನಾಲ್ಕು ವರ್ಷಕ್ಕೆ ಹಣ್ಣು ಕೊಟ್ಟರೆ ಬೀಜದ ಕಿತ್ತಳೆಗೆ ಆರರಿಂದ ಎಂಟು ವರ್ಷ, ಕಾಗ್ಜಿ ನಿಂಬೆಗೆ ನಾಲ್ಕೈದು ಬೇಕು. ನಾಲ್ಕನೇ ವರ್ಷ ಹೂ ಕಾಣದೆ ಗಿಡ ಬಂಜೆ ಎಂದು ಕಡಿಯಬೇಡಿ.

ಎಳೆಯದಾಗುವುದರಲ್ಲಿ ಲಾಭವೂ ಇದೆ. ಟ್ರಿಸ್ಟೀಜಾದಂಥ ವೈರಸ್ಸುಗಳು ಬೀಜದ ಮೂಲಕ ಸಸಿಗೆ ದಾಟುವುದಿಲ್ಲ. ಹಾಗಾಗಿ ರೋಗ ಹೊತ್ತ ಹಳೆಯ ಒಳ್ಳೆ ತಳಿಯನ್ನು ಶುದ್ಧ ಮಾಡಲು ನ್ಯೂಸೆಲಸ್ಸಿನ ಸಸಿ ಒಂದು ದಾರಿ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಕಿನ್ನೋವನ್ನು ಹುಟ್ಟುಹಾಕಿದ ಎಚ್. ಬಿ. ಫ್ರಾಸ್ಟ್ ಈ ಸಸಿಗಳ ಅಧ್ಯಯನಕ್ಕೂ ತಳಪಾಯ ಹಾಕಿದವರು. ಆದರೆ ಶುದ್ಧ ಸಸಿಯನ್ನು ಬಯಲಲ್ಲಿ ಇಟ್ಟರೆ ಗಿಡದ ಹೇನು ಟ್ರಿಸ್ಟೀಜಾವನ್ನೂ ಸಿಲ್ಲಿಡ್ ಕೀಟ ಗ್ರೀನಿಂಗ್ ಎಂಬ ಬ್ಯಾಕ್ಟೀರಿಯಾ ರೋಗವನ್ನೂ ಮತ್ತೆ ತಂದು ಅಂಟಿಸುತ್ತವೆ. ಕೊಡಗಿನ ಕಿತ್ತಳೆ ಸೊರಗಿದ್ದರಲ್ಲಿ ಎರಡಕ್ಕೂ ಪಾಲಿದೆ. ಕಸಿಕಣ್ಣಿಗೆಂದು ಸಾಕುವ ತಾಯಿಸಸಿಗೆ 50 ಮೆಶ್ಶಿನ ಕೀಟನಿರೋಧಕ ಬಲೆ, ಎರಡು ಬಾಗಿಲಿನ ಮನೆ ಬೇಕೇ ಬೇಕು.

ಎಲೆಯಲ್ಲಿ ಬಿಳಿ–ಹಸಿರು ಅಂಚು ಇರುವ ಅಲಂಕಾರದ ನಿಂಬೆಯನ್ನು ಮಾತ್ರ ಬೀಜದಿಂದ ತದ್ರೂಪು ಮಾಡಲು ಹೋಗಬೇಡಿ. ಅಂಥ ಗಿಡದಲ್ಲಿ ಒಂದೊಂದು ಪದರಕ್ಕೆ ಒಂದೊಂದು ಬಗೆಯ ಕೋಶ. ನ್ಯೂಸೆಲಸ್ ಹುಟ್ಟುವುದು ಒಳಗಿನ ಒಂದು ಪದರದಿಂದ. ಸಸಿಗೆ ಆ ಪದರದ ಗುಣವಷ್ಟೇ ಸಿಕ್ಕಿ, ಪೂರ್ತಿ ಹಸಿರೋ ಪೂರ್ತಿ ಬಿಳಿಯೋ ಆಗುತ್ತದೆ. ಬಿಳಿಯದು ಹೆಚ್ಚು ದಿನ ಬದುಕುವುದಿಲ್ಲ.

ಮುಳ್ಳಿನ ಕಾಟ ಕಡಿಮೆ ಮಾಡಲು ಕಸಿಯವರ ಉಪಾಯ ಹೀಗೆ: ನ್ಯೂಸೆಲಸ್ಸಿನ ಮರ ಕಾಯಿ ಬಿಡಲು ಶುರು ಮಾಡಿದ ಮೇಲೆ, ಕಾಯಿ ಕಚ್ಚಿದ ಮೇಲಿನ ರೆಂಬೆಗಳಲ್ಲಿ ಮುಳ್ಳು ಸಣ್ಣದಾದ, ದುಂಡಗೆ ಬಲಿತ ಕಡ್ಡಿ ಆರಿಸಿ ಕಣ್ಣು ತೆಗೆಯುತ್ತಾರೆ. ಬುಡದ ಕಡೆಯಿಂದ ಎದ್ದ ನೀರುಚಿಗುರಿನ ಕಣ್ಣು ತೆಗೆದರೆ ಮುಳ್ಳು ಅದರ ಜತೆಗೇ ಬರುತ್ತದೆ. ಪೆನ್ಸಿಲ್ ದಪ್ಪವಾದ ರಂಗಪುರ ನಿಂಬೆಯ ಮೇಲೆ, ನೆಲದಿಂದ 20–25 ಸೆಂಟಿಮೀಟರ್ ಎತ್ತರದಲ್ಲಿ ಕಣ್ಣು ಕೂರಿಸಿ ಪಾಲಿಥೀನ್ ಪಟ್ಟಿ ಸುತ್ತಿ. 15–20 ದಿನಕ್ಕೆ ಬಿಚ್ಚಿ ನೋಡಿದಾಗ ಕಣ್ಣು ಹಸಿರಾಗಿದ್ದರೆ ಹಿಡಿದಿದೆ, ಕಂದಾಗಿದ್ದರೆ ಹಿಂಬದಿಯಲ್ಲಿ ಇನ್ನೊಂದು ಕೂರಿಸಿ.